ಮೆಚ್ಚಿನ ಬೈಕ್ ಬಿಟ್ಟುಕೊಡುವಾಗ: ಲೆಕ್ಕ ಹಾಕುವುದರಿಂದ ಕೀ ಕೊಡುವವರೆಗೆ

ಓದು ಮುಗಿದು ಸಂಬಳ ಶುರುವಾದ ಎರಡು ಮೂರು ವರ್ಷದೊಳಗೆ ಬದುಕು ಎಲ್ಲವನ್ನೂ ಒಟ್ಟಿಗೆ ಕೇಳುತ್ತದೆ. ಬಾಡಿಗೆ ಮನೆಗೆ ಮುಂಗಡ, ಓದಿನ ಸಾಲದ ಕಂತು, ಬೇರೆ ಊರಿಗೆ ವರ್ಗ, ಮದುವೆಯ ಮಾತು, ಇಲ್ಲವೇ ಬರಲಿರುವ ಮಗು. ಆ ಹೊತ್ತಿಗೆ ಬಾಗಿಲ ಮುಂದೆ ನಿಂತ ಬೈಕಿನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಕಾಲೇಜಿನಿಂದ ಜೊತೆಗಿದ್ದದ್ದು, ನೀವೇ ತೊಳೆದು ಚೈನಿಗೆ ಎಣ್ಣೆ ಬಿಟ್ಟು ನೋಡಿಕೊಂಡದ್ದು. ಮಾರು ಅಂದರೆ ಮನಸ್ಸು ಒಪ್ಪುವುದಿಲ್ಲ, ಇಟ್ಟುಕೋ ಅಂದರೆ ಲೆಕ್ಕ ಒಪ್ಪುವುದಿಲ್ಲ.

ಆಗ ಬಹಳ ಜನ ಮಾರುವುದೂ ಇಲ್ಲ, ಓಡಿಸುವುದೂ ಇಲ್ಲ. ಕವರ್ ಹೊದಿಸಿ ಮೂಲೆಗೆ ನಿಲ್ಲಿಸಿ ‘ಆಮೇಲೆ ನೋಡೋಣ’ ಅಂದುಬಿಡುತ್ತಾರೆ. ನನ್ನನ್ನು ಕೇಳಿದರೆ ಇರುವ ದಾರಿಗಳಲ್ಲೆಲ್ಲ ಅತಿ ಕೆಟ್ಟದ್ದು ಇದೇ. ಗಾಡಿ ಹಾಳಾಗುತ್ತದೆ, ಹಣ ಬರುವುದಿಲ್ಲ, ಓಡಿಸಿದ ಖುಷಿಯೂ ದಕ್ಕುವುದಿಲ್ಲ. ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಟ್ಟುಕೊಳ್ಳಿ, ಬಿಡುವುದಾದರೆ ಪೂರ್ತಿ ಬಿಡಿ. ಎರಡಕ್ಕೂ ಒಂದು ಕ್ರಮವಿದೆ.

ಮೊದಲು ಕಾಗದದ ಮೇಲೆ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಕಳೆದ 12 ತಿಂಗಳಲ್ಲಿ ಗಾಡಿಗೆ ಹೋದ ದುಡ್ಡನ್ನು ಬರೆಯಿರಿ. ಪೆಟ್ರೋಲ್ ಲೆಕ್ಕ ಬೇಡ. ಬೇರೆ ಯಾವುದರಲ್ಲಿ ಹೋಗಿದ್ದರೂ ಏನಾದರೂ ಕೊಡಲೇಬೇಕಿತ್ತು. ಗಾಡಿ ಸುಮ್ಮನೆ ನಿಂತಿದ್ದರೂ ತಪ್ಪದ ಖರ್ಚು ಯಾವುದು ಅನ್ನುವುದು ಮುಖ್ಯ: ವಿಮೆ, ತೆರಿಗೆ, ಪಾರ್ಕಿಂಗ್ ಬಾಡಿಗೆ, ಸಾಲವಿದ್ದರೆ ಬಡ್ಡಿ, ವರ್ಷಕ್ಕೊಮ್ಮೆಯಾದರೂ ಆಗಬೇಕಾದ ಸರ್ವೀಸ್. ಇವುಗಳ ಜೊತೆಗೆ ಜೇಬಿನಿಂದ ಹೋಗದೆಯೂ ಹೋಗುವ ಒಂದು ಖರ್ಚಿದೆ, ವರ್ಷ ವರ್ಷ ಇಳಿಯುವ ಗಾಡಿಯ ಬೆಲೆ. ಹೊಸ ಗಾಡಿಯ ಬೆಲೆ ಮೊದಲ ಒಂದೆರಡು ವರ್ಷ ಜೋರಾಗಿ ಕುಸಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ನಿಮ್ಮದು ಹೊಸದಾಗಿದ್ದರೆ ಒಂದು ವರ್ಷ ತಡಮಾಡಿದರೂ ಪೆಟ್ಟು ದೊಡ್ಡದು. ಏಳೆಂಟು ವರ್ಷದ್ದಾಗಿದ್ದರೆ ಅಷ್ಟು ಅವಸರವಿಲ್ಲ.

ಈ ಮೊತ್ತವನ್ನು ವರ್ಷದಲ್ಲಿ ನಿಜವಾಗಿ ಗಾಡಿ ಹತ್ತಿದ ದಿನಗಳಿಂದ ಭಾಗಿಸಿದರೆ ಒಂದು ದಿನದ ಸವಾರಿ ನಿಮಗೆ ಎಷ್ಟಕ್ಕೆ ಬೀಳುತ್ತಿದೆ ಎಂದು ಗೊತ್ತಾಗುತ್ತದೆ. ದಿನಾ ಕೆಲಸಕ್ಕೆ ಅದರಲ್ಲೇ ಹೋಗುವವರಿಗೆ ಈ ಅಂಕಿ ಬಸ್ಸಿನ ಟಿಕೆಟ್ಟಿನ ಆಸುಪಾಸಿನಲ್ಲಿ ನಿಲ್ಲಬಹುದು. ತಿಂಗಳಿಗೊಮ್ಮೆ ಹತ್ತುವವರಿಗೆ, ಬೇಕೆನಿಸಿದಾಗ ಬೈಕ್ ಬಾಡಿಗೆಗೆ ತಂದು ಓಡಿಸಿದರೂ ಇದಕ್ಕಿಂತ ಅಗ್ಗವಾಗುತ್ತಿತ್ತೇನೋ ಅನ್ನಿಸುವಷ್ಟು ದೊಡ್ಡ ಅಂಕಿ ಬಂದೀತು.

ಇಷ್ಟು ವರ್ಷ ಗಾಡಿಗೆ ಸುರಿದ ಹಣವನ್ನು ಮಾತ್ರ ಈ ಹಾಳೆಯಲ್ಲಿ ತರಬೇಡಿ. ಹೋದ ವರ್ಷ ಎಂಜಿನ್ ಬಿಚ್ಚಿಸಿ ಪಿಸ್ಟನ್ ಹಾಕಿಸಿದ್ದು ಇಟ್ಟರೂ ಹೋಯಿತು, ಮಾರಿದರೂ ಹೋಯಿತು. ‘ಈಗ ತಾನೇ ಇಷ್ಟು ಖರ್ಚು ಮಾಡಿದ್ದೀನಲ್ಲ’ ಅನ್ನುವ ಸಂಕಟ ಸಹಜವೇ. ಆದರೆ ಮುಂದಿನ ವರ್ಷದ ಖರ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಬಿಡು ಅನ್ನುತ್ತಿರುವುದು ಏನು, ಯಾರು?

ಲೆಕ್ಕಕ್ಕಿಂತ ಇದು ಕಷ್ಟ. ಕಾರಣ ಹಣವೇ, ಜಾಗವೇ, ಸಮಯವೇ, ಅಥವಾ ಮನೆಯವರ ಭಯವೇ ಎಂದು ಬಿಡಿಸಿ ನೋಡಿ, ಯಾಕೆಂದರೆ ಒಂದೊಂದಕ್ಕೂ ಪರಿಹಾರ ಬೇರೆ. ತೊಂದರೆ ಹಣದ್ದಾದರೆ ಮಾರುವುದೇ ನೇರ ದಾರಿ. ಜಾಗದ್ದಾದರೆ ಅಣ್ಣನ ಮನೆಯ ಶೆಡ್ಡಿನಲ್ಲಿ ಒಂದು ವರ್ಷ ಇಡಬಹುದು. ಓಡಿಸಲು ಸಮಯವಿಲ್ಲ ಅನ್ನುವವರು ಇದು ಆರು ತಿಂಗಳ ಮಾತೋ ಆರು ವರ್ಷದ ಮಾತೋ ಎಂದು ತಮಗೆ ತಾವೇ ಕೇಳಿಕೊಳ್ಳಬೇಕು.

ಭಯದ ವಿಷಯ ಸ್ವಲ್ಪ ಹೆಚ್ಚು ಮಾತಾಡುವಂಥದ್ದು. ‘ಬೈಕ್ ಬೇಡ ಕಣೋ’ ಅನ್ನುವ ಅಮ್ಮನಿಗೂ, ಕೈಹಿಡಿದವರಿಗೂ ನಿಜವಾಗಿ ಹೆದರಿಕೆ ಯಾವುದರದ್ದು? ರಾತ್ರಿ ಸವಾರಿಯದ್ದೇ? ಮಳೆಯಲ್ಲಿ ಹೆದ್ದಾರಿಗೆ ಇಳಿಯುವುದರದ್ದೇ? ಹೇಳದೆ ಹೊರಟು ಫೋನ್ ಎತ್ತದೇ ಇರುವುದರದ್ದೇ? ಕೇಳಿ ನೋಡಿ. ಎಷ್ಟೋ ಸಲ ಬೇಡವಾಗಿರುವುದು ಗಾಡಿಯಲ್ಲ, ಅದರ ಮೇಲಿನ ಒಂದೆರಡು ಅಭ್ಯಾಸ. ಅವನ್ನು ಬಿಟ್ಟರೆ ಸಾಕು ಎಂದಾದರೆ ಗಾಡಿ ಉಳಿಯಬಹುದು. ಹಾಗಲ್ಲದೆ ಬೇಸರ ನುಂಗಿಕೊಂಡು ಮಾರಿದರೆ, ‘ನಿನಗೋಸ್ಕರ ನನ್ನ ಗಾಡಿ ಮಾರಿದೆ’ ಅನ್ನುವ ಮಾತು ಮುಂದೆ ಸಂಬಂಧವೇ ಇಲ್ಲದ ಜಗಳಗಳಲ್ಲೂ ತಲೆಹಾಕುತ್ತದೆ. ಆ ಮಾತು ಈಗಲೇ ನಾಲಿಗೆ ತುದಿಯಲ್ಲಿದ್ದರೆ ಈ ತಿಂಗಳು ಮಾರಬೇಡಿ. ಇನ್ನೊಂದು ಸುತ್ತು ಕೂತು ಮಾತಾಡಿ.

ಮಗು ಬರುವ ಮನೆಯಲ್ಲಿ ಮಾತ್ರ ನಾನು ಚರ್ಚೆಗೆ ಇಳಿಯುವುದಿಲ್ಲ. ಹಸುಗೂಸಿಗೆ ಹೆಲ್ಮೆಟ್ ಹಾಕುವಂತಿಲ್ಲ, ಅದರ ಭಾರ ತಡೆಯುವ ಕತ್ತು ಅವಕ್ಕಿಲ್ಲ. ಕಾಲು ಫುಟ್‌ರೆಸ್ಟಿಗೆ ಮುಟ್ಟದ ಮಕ್ಕಳನ್ನು ಕೂರಿಸಿಕೊಳ್ಳುವ ವಾಹನ ಇದಲ್ಲ. ಮನೆಗೆ ಒಂದೇ ವಾಹನ ಇಟ್ಟುಕೊಳ್ಳಲು ಸಾಧ್ಯ ಎಂದಾದರೆ ಅದು ಬೈಕ್ ಆಗಿರಬಾರದು.

ನಿಂತ ಗಾಡಿಯೊಳಗೆ ಏನಾಗುತ್ತದೆ

‘ಸುಮ್ಮನೆ ನಿಂತಿರಲಿ ಬಿಡು, ಅದಕ್ಕೇನಾಗುತ್ತೆ’ ಅನ್ನುವವರಿಗಾಗಿ ಈ ಭಾಗ. ಆಗುವುದು ಬಹಳ ಇದೆ.

ಮೊದಲು ಕೆಡುವುದು ಬ್ಯಾಟರಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್‌ನ ಸೀಸ-ಆಮ್ಲದ ಬ್ಯಾಟರಿ ಮೀಟರಿನಲ್ಲಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ನಿಂತಲ್ಲೇ ಅದರ ಚಾರ್ಜ್ ತಾನಾಗಿ ಇಳಿಯುತ್ತದೆ. ಗಡಿಯಾರ, ಅಲಾರಂ ಇರುವ ಗಾಡಿಯಲ್ಲಿ ಇನ್ನೂ ಬೇಗ. 12.4ಕ್ಕಿಂತ ಕೆಳಗಿಳಿದು ವಾರಗಟ್ಟಲೆ ಹಾಗೇ ಕೂತರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಂತೆ ಹಿಡಿದಿಡುವುದಿಲ್ಲ.

ಪೆಟ್ರೋಲ್ ಕೂಡ ಕೆಡುವ ವಸ್ತು. ಕೆಲವು ತಿಂಗಳಲ್ಲಿ ಅದರಲ್ಲಿನ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಗಾಳಿಯ ಜೊತೆ ಸೇರಿ ಜೋನಿಬೆಲ್ಲದಂತೆ ಅಂಟಾಗುತ್ತದೆ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನಲ್ಲಿ ಪೈಲಟ್ ಜೆಟ್ ಎಂಬ ಪುಟ್ಟ ಕೊಳವೆಯಿದೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದವರಿಗೆ ಗೊತ್ತು, ಅದರ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಅಂಟು ಕಟ್ಟಿದ ಜೆಟ್ಟಿನಲ್ಲಿ ಆ ಚುಕ್ಕೆ ಬೆಳಕು ಕಾಣುವುದೇ ಇಲ್ಲ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಚೋಕ್ ಬಿಟ್ಟೊಡನೆ ಸಾಯುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಗಳ ಮಾಮೂಲಿ ರೋಗ ಇದು. ಎಥನಾಲ್ ಬೆರೆತ ಪೆಟ್ರೋಲ್ ಆದರೆ ಇನ್ನೊಂದು ತೊಂದರೆ: ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನೀರು ಒಂದು ಮಟ್ಟ ಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯಲು ಶುರುವಾಗುವುದು ಅಲ್ಲಿಂದಲೇ.

ಬ್ರೇಕ್ ದ್ರವದ ಕಥೆಯೂ ಹೀಗೇ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬಿಸಿಯಾದ ಬ್ರೇಕ್ ಕೈಗೆ ಮೆತ್ತಗಾಗುವುದು ಇದರಿಂದ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಿ ಎಂದು ಅನೇಕ ತಯಾರಕರು ಹೇಳುವುದು ಇದಕ್ಕೇ. ಟೈರು ಒಂದೇ ಜಾಗದ ಮೇಲೆ ಭಾರ ಹೊತ್ತು ಚಪ್ಪಟೆಯಾಗುವುದು, ಫೋರ್ಕಿನ ಸೀಲ್ ಒಣಗುವುದು, ಏರ್ ಫಿಲ್ಟರ್ ಡಬ್ಬದಲ್ಲಿ ಇಲಿ ಗೂಡು ಕಟ್ಟಿ ವೈರ್ ಕಡಿಯುವುದು ಇವೆಲ್ಲ ಮೇಲೋಗರ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಂತಲ್ಲೇ ಓಡಿಸಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿದರೆ ಆ ಆವಿ ಎಣ್ಣೆಯಲ್ಲಿ, ಸೈಲೆನ್ಸರಿನಲ್ಲಿ ನೀರಾಗಿ ಉಳಿಯುತ್ತದೆ. ಸ್ಟಾರ್ಟರ್ ಎಳೆದ ಚಾರ್ಜನ್ನು ಆ ಐದು ನಿಮಿಷದಲ್ಲಿ ಬ್ಯಾಟರಿಗೆ ವಾಪಸ್ ತುಂಬಲಿಕ್ಕೂ ಆಗುವುದಿಲ್ಲ.

ಇಟ್ಟುಕೊಳ್ಳುವುದೇ ಆದರೆ

ಒಂದು ದಿನಾಂಕ ಗೊತ್ತುಮಾಡಿ. ‘ಮುಂದಿನ ವರ್ಷ ಇಂಥ ತಿಂಗಳಿಗೆ ಗಾಡಿ ರಸ್ತೆಗಿಳಿಯದಿದ್ದರೆ ಮಾರುತ್ತೇನೆ’ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ದಿನಾಂಕವಿಲ್ಲದ ನಿಲುಗಡೆ ಗುಜರಿಯಲ್ಲಿ ಮುಗಿಯುತ್ತದೆ.

ನಿಲ್ಲಿಸುವ ಮೊದಲು ಎಂಜಿನ್ ಎಣ್ಣೆ ಬದಲಿಸಿ. ಹಳೆಯ ಎಣ್ಣೆಯಲ್ಲಿನ ಆಮ್ಲ ತಿಂಗಳುಗಟ್ಟಲೆ ಒಳಗೇ ಇರುವುದು ಒಳ್ಳೆಯದಲ್ಲ. ಕಬ್ಬಿಣದ ಟ್ಯಾಂಕನ್ನು ಕತ್ತಿನವರೆಗೂ ತುಂಬಿಸಿ, ಒಳಗೆ ಗಾಳಿಗೆ ಜಾಗವಿದ್ದಷ್ಟೂ ತೇವ ಜಾಸ್ತಿ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಸಿಕ್ಕರೆ ಬೆರೆಸಿ ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಕಾರ್ಬ್ಯುರೇಟರಿನ ಬಟ್ಟಲನ್ನು ಖಾಲಿ ಮಾಡಿ. ಬ್ಯಾಟರಿ ಬಿಚ್ಚಿ ಮನೆಯೊಳಗಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಕವರ್ ಬಟ್ಟೆಯದಾಗಿರಲಿ, ಪ್ಲಾಸ್ಟಿಕ್ ಹಾಳೆಯ ಕೆಳಗೆ ತೇವ ಕೂತು ಕ್ರೋಮ್ ಮೇಲೆ ಚುಕ್ಕೆ ಏಳುತ್ತದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುವುದಾದರೆ ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿಡಿ, ಇಲ್ಲವಾದರೆ ಮರೆಯುತ್ತದೆ. ಕಳ್ಳತನ, ಬೆಂಕಿಯ ವಿಮೆ ಬಿಡಬೇಡಿ.

ತಮ್ಮನಿಗೋ ತಂಗಿಗೋ ಕೊಡುವುದು ಒಳ್ಳೆಯ ದಾರಿ, ಆದರೆ ಹೆಸರು ಬದಲಾಯಿಸಿಯೇ ಕೊಡಿ. ಗೆಳೆಯನಿಗೆ ‘ಓಡಿಸ್ತಾ ಇರು, ಬೇಕಾದಾಗ ತಗೊಳ್ತೀನಿ’ ಎಂದು ಕೊಡುವುದಂತೂ ಗಾಡಿಯನ್ನೂ ಗೆಳೆತನವನ್ನೂ ಒಟ್ಟಿಗೆ ಪಣಕ್ಕಿಟ್ಟ ಹಾಗೆ.

ನಿಮ್ಮ ಮಾದರಿ ಮುಂದೆ ಮತ್ತೆ ಸಿಗುತ್ತದೆಯೇ ಅನ್ನುವುದೂ ಒಂದು ಪ್ರಶ್ನೆ. ಹಳೆಯದು ಅಂದಮಾತ್ರಕ್ಕೆ ಅಪರೂಪವಲ್ಲ. 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್ ಸರಣಿಯ ತಯಾರಿಕೆ 2017ರಲ್ಲಿ ಹತ್ತು ಕೋಟಿ ದಾಟಿತು. ಇಂಥದ್ದನ್ನು ಈಗ ಮಾರಿದರೆ ಇನ್ನು ಹತ್ತು ವರ್ಷಕ್ಕೆ ಇನ್ನೊಂದು ಕೊಳ್ಳಬಹುದು. ಟ್ರಯಂಫ್ ಬೊನವಿಲ್ ಬೇರೆ ಥರ. 1959ರಲ್ಲಿ ಶುರುವಾಗಿ ಎಂಬತ್ತರ ದಶಕದಲ್ಲಿ ನಿಂತದ್ದು 2001ರಲ್ಲಿ ಅದೇ ಹೆಸರಿನಲ್ಲಿ ಮರಳಿತು, ಆದರೆ ಎಂಜಿನ್ ಪೂರ್ತಿ ಹೊಸದು. ಹೆಸರು ವಾಪಸ್ ಬಂದರೂ ಆ ಯಂತ್ರ ಬರಲಿಲ್ಲ. ಹೊಗೆ ನಿಯಮಗಳ ಬಿಗಿಯಿಂದ ಬಹುತೇಕ ಕಡೆ ತಯಾರಿಕೆಯೇ ನಿಂತ ಎರಡು ಸ್ಟ್ರೋಕಿನ ಗಾಡಿ ನಿಮ್ಮದಾಗಿದ್ದು, ಸ್ಥಿತಿಯೂ ಚೆನ್ನಾಗಿದ್ದು, ಇಡಲು ಒಣ ಜಾಗವೂ ಇದ್ದರೆ ಇಟ್ಟುಕೊಳ್ಳುವುದಕ್ಕೆ ನನ್ನ ಮತ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕೊಟ್ಟುಬಿಡಿ.

ಮಾರುವ ಮೊದಲು ಏನು ಮಾಡಿಸಬೇಕು

ಕಡಿಮೆ ಮಾಡಿಸಿ. ಉರಿಯದ ಇಂಡಿಕೇಟರ್, ಹರಿಯುವಂತಿರುವ ಕ್ಲಚ್ ಕೇಬಲ್, ಸಡಿಲ ಚೈನ್, ಸತ್ತ ಬ್ಯಾಟರಿ ಇಂಥ ಸಣ್ಣಪುಟ್ಟದ್ದಕ್ಕೆ ಹಾಕಿದ ಹಣ ವಾಪಸ್ ಬರುತ್ತದೆ, ಏಕೆಂದರೆ ನೋಡಲು ಬಂದವರು ಮೊದಲು ಎಣಿಸುವುದು ಅವನ್ನೇ. ಹೊಸ ಪೇಂಟ್ ಬೇಡ. ಗೀರುಗಳಿರುವ ಹಳೆಯ ಪೇಂಟಿನ ಮೇಲೆ ಯಾರಿಗೂ ಅನುಮಾನವಿಲ್ಲ. ಫಳಫಳ ಹೊಳೆಯುವ ಹೊಸ ಪೇಂಟ್ ಕಂಡರೆ ಗಾಡಿ ಎಲ್ಲಿ ಬಿದ್ದಿತ್ತು ಎಂದು ಕೇಳುತ್ತಾರೆ. ಮಾರಲಿಕ್ಕೆಂದು ಎಂಜಿನ್ ಬಿಚ್ಚಿಸುವುದೂ ದಂಡ. ದೋಷವನ್ನು ಹೇಳಿ, ಅಷ್ಟು ಬೆಲೆ ಇಳಿಸಿ.

ಹಾಕಿಸಿಕೊಂಡ ಜೋರು ಸದ್ದಿನ ಸೈಲೆನ್ಸರ್, ಬೇರೆ ಹ್ಯಾಂಡಲ್, ಪುಟ್ಟ ಕನ್ನಡಿ ಇವೆಲ್ಲ ನಿಮ್ಮ ಕಣ್ಣಿಗೆ ಬೆಲೆಬಾಳುತ್ತವೆ, ಕೊಳ್ಳುವವರಿಗೆ ತಲೆನೋವು. ಕಂಪನಿಯ ಮೂಲ ಭಾಗಗಳು ಅಟ್ಟದ ಮೇಲಿದ್ದರೆ ಇಳಿಸಿ ಮತ್ತೆ ಜೋಡಿಸಿ, ಹೊರಗಿನವನ್ನು ಬಿಡಿಬಿಡಿಯಾಗಿ ಮಾರಿ. ಗಾಡಿಯೂ ಬೇಗ ಹೋಗುತ್ತದೆ, ಒಟ್ಟು ಹಣವೂ ಹೆಚ್ಚು ಬರುತ್ತದೆ.

ಬೆಲೆ: ನಿಮ್ಮ ಅಂದಾಜನ್ನು ನೀವೇ ನಂಬಬೇಡಿ

1990ರಲ್ಲಿ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದರು. ಮಗ್ ಕೈಗೆ ಬಂದು ನಿಮಿಷಗಳಷ್ಟೇ ಆಗಿತ್ತು. ಆದರೂ ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿನ ಹತ್ತಿರವಿತ್ತು. ನಿಮಿಷದ ಹಿಂದೆ ಸಿಕ್ಕ ಮಗ್ಗಿಗೇ ಹೀಗಾದರೆ, ವರ್ಷಗಟ್ಟಲೆ ಮೈಗೆ ಹತ್ತಿದ ಗಾಡಿಗೆ ನಿಮ್ಮ ಮನಸ್ಸು ಕಟ್ಟುವ ಬೆಲೆ ಎಷ್ಟು ನಂಬಬಹುದು ಯೋಚಿಸಿ.

ಹಾಗಾಗಿ ಹೊರಗಿನ ಅಂಕಿ ತನ್ನಿ. ನಿಮ್ಮದೇ ಮಾದರಿ, ಅದೇ ವರ್ಷ, ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್ ಓಡಿದ ಐದಾರು ಗಾಡಿಗಳ ಜಾಹೀರಾತು ನೋಡಿ. ಅಲ್ಲಿ ಬರೆದಿರುವುದು ಕೇಳುವ ಬೆಲೆ, ಕೈಗೆ ಬರುವ ಬೆಲೆ ಅದಕ್ಕಿಂತ ಕಡಿಮೆ. ತಿಂಗಳಾದರೂ ಹೋಗದೆ ಉಳಿದ ಜಾಹೀರಾತುಗಳ ಬೆಲೆ ಮಾರುಕಟ್ಟೆ ಒಪ್ಪದ ಬೆಲೆ. ಸೆಕೆಂಡ್ ಹ್ಯಾಂಡ್ ವ್ಯಾಪಾರಿಯೊಬ್ಬರ ಹತ್ತಿರ ಗಾಡಿ ತೋರಿಸಿ ಎಷ್ಟು ಕೊಡುತ್ತೀರಿ ಎಂದು ಕೇಳಿ. ಅದು ನಿಮ್ಮ ತಳ. ಅವರು ಲಾಭ ಇಟ್ಟುಕೊಳ್ಳುತ್ತಾರೆ, ಬದಲಿಗೆ ನಿಮಗೆ ಅಲೆದಾಟ ತಪ್ಪುತ್ತದೆ. ಮುಂದಿನ ವಾರವೇ ಊರು ಬಿಡುವವರಿಗೆ ಆ ವ್ಯತ್ಯಾಸ ಕೊಟ್ಟದ್ದು ನಷ್ಟವೇನಲ್ಲ. ಕೇಳುವ ಬೆಲೆಗೂ ತಳಕ್ಕೂ ನಡುವೆ ಚೌಕಾಸಿಗೆ ಜಾಗ ಬಿಟ್ಟು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಅಂಕಿಯನ್ನು ಮೊದಲೇ ಬರೆದಿಡಿ. ಎದುರಿಗೆ ನಿಂತು ಚೌಕಾಸಿ ಮಾಡುವಾಗ ಹೊಸ ತಳ ಹುಡುಕಬೇಡಿ.

ಜಾಹೀರಾತು, ಮತ್ತು ನೋಡಲು ಬರುವವರು

ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯಿರಿ: ಎರಡೂ ಬದಿ, ಮೀಟರ್, ಚೈನ್ ಮತ್ತು ಸ್ಪ್ರಾಕೆಟ್, ಎರಡೂ ಟೈರು, ಇರುವ ಗೀರುಗಳು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಒಂದು ಗುರುತಿರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ತಿಳಿದವರು ಅದನ್ನು ನೋಡಿಯೇ ನೋಡುತ್ತಾರೆ, ನೀವೇ ತೋರಿಸಿಬಿಡಿ. ದೋಷಗಳನ್ನು ಜಾಹೀರಾತಿನಲ್ಲೇ ಬರೆದರೆ ಫೋನ್ ಕಡಿಮೆ ಬರುತ್ತವೆ, ಬರುವವರು ಕೊಳ್ಳುವ ಮನಸ್ಸಿನವರು.

ಅವರು ಬರುವ ಮೊದಲು ಎಂಜಿನ್ ಕಾಯಿಸಿ ಇಡಬೇಡಿ. ಅನುಭವಸ್ಥರು ಬಂದವರೇ ಮಾತಿಗೂ ಮೊದಲು ಸಿಲಿಂಡರಿನ ರೆಕ್ಕೆಗಳ ಮೇಲೆ ಅಂಗೈ ಇಡುತ್ತಾರೆ. ಬಿಸಿ ತಾಕಿತೋ, ತಣ್ಣಗಿರುವಾಗ ಸ್ಟಾರ್ಟ್ ಆಗದ ಗಾಡಿ ಇದು ಎಂದು ತೀರ್ಮಾನಿಸಿಬಿಟ್ಟರು. ತಣ್ಣಗಿನ ಗಾಡಿಯನ್ನು ಅವರ ಎದುರೇ ಸ್ಟಾರ್ಟ್ ಮಾಡಿ, ಸುಮ್ಮನೆ ನಿಲ್ಲಿ. ಆ ಸದ್ದು ಹೇಳುವಷ್ಟನ್ನು ನೀವು ಹೇಳಲಾರಿರಿ.

ಓಡಿಸಿ ನೋಡುತ್ತೇನೆ ಅಂದರೆ ಪರವಾನಗಿ ಕೇಳಿ ನೋಡಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಅವರು ಬಂದ ವಾಹನದ ಕೀ ಅಥವಾ ಮಾತಾದ ಹಣ ನಿಮ್ಮ ಕೈಯಲ್ಲಿರಲಿ. ‘ಒಂದು ರೌಂಡ್ ಹೊಡೆದು ಬರ್ತೀನಿ’ ಎಂದು ಹೋದ ಗಾಡಿ ಮರಳದೇ ಇರುವುದು ಹಳೆಯ ಮೋಸ. ಒಬ್ಬರೇ ಇರಬೇಡಿ, ಜನ ಓಡಾಡುವ ಜಾಗದಲ್ಲಿ ತೋರಿಸಿ. ಬೇರೆಯವರು ಓಡಿಸಿದಾಗ ನಿಮ್ಮ ವಿಮೆ ನಡೆಯುತ್ತದೆಯೇ ಎಂದು ಮೊದಲೇ ನೋಡಿಕೊಂಡಿರಿ.

ಹಣ ಬ್ಯಾಂಕಿಗೇ ಬರಲಿ. ಕಳಿಸಿದ್ದೇನೆ ಎಂದು ಅವರ ಫೋನಿನಲ್ಲಿ ತೋರಿಸುವ ಪರದೆ ಸಾಕ್ಷಿಯಲ್ಲ, ನಿಮ್ಮ ಖಾತೆ ತೆರೆದು ನೋಡಿ. ಹಣ ಪಡೆಯಲು ಪಿನ್ ಒತ್ತಬೇಕು ಅಂದವರು ಕಳ್ಳರು. ಹೆಚ್ಚು ಬಂದಿದೆ, ಮಿಕ್ಕಿದ್ದು ವಾಪಸ್ ಹಾಕಿ ಅನ್ನುವವರೂ ಅಷ್ಟೇ.

ಕಾಗದಪತ್ರ

ಬೇಜಾರಿನ ಕೆಲಸ ಇದು, ಆದರೆ ಇಡೀ ವ್ಯವಹಾರದಲ್ಲಿ ನಿಮ್ಮನ್ನು ವರ್ಷಗಟ್ಟಲೆ ಕಾಡಬಲ್ಲದ್ದು ಇದೊಂದೇ. ನೋಂದಣಿಯಲ್ಲಿ ಯಾರ ಹೆಸರಿದೆಯೋ ದಂಡವಾಗಲಿ ಅಪಘಾತವಾಗಲಿ ಮೊದಲು ಹುಡುಕಿಕೊಂಡು ಬರುವುದು ಅವರನ್ನೇ. ‘ನೀವು ಸಹಿ ಹಾಕಿಕೊಡಿ, ಹೆಸರು ನಾನು ಆಮೇಲೆ ಬದಲಾಯಿಸಿಕೊಳ್ಳುತ್ತೇನೆ’ ಅನ್ನುವ ಮಾತಿಗೆ ಒಪ್ಪಬೇಡಿ, ಎಷ್ಟೇ ಪರಿಚಯದವರಾದರೂ. ಜೊತೆಗೆ ಹೋಗಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಗಾಡಿ ಮಾರಿದ್ದೇನೆ ಎಂದು ನೋಂದಣಿ ಕಚೇರಿಗೆ ತಿಳಿಸುವ ವ್ಯವಸ್ಥೆ ಇದ್ದರೆ ಅದನ್ನು ನಿಮ್ಮ ಕಡೆಯಿಂದ ಅಂದೇ ಮಾಡಿ.

ಸಾಲದಲ್ಲಿ ಕೊಂಡ ಗಾಡಿಯಾದರೆ ಸಾಲ ಕೊಟ್ಟವರ ಹಕ್ಕು ದಾಖಲೆಯಲ್ಲಿ ಉಳಿದಿರಬಹುದು. ಕಂತು ಮುಗಿದಿದ್ದರೂ ಆ ಹಕ್ಕು ತೆಗೆಸದೇ ಇದ್ದವರು ಬಹಳ. ಬಾಕಿ ಇಲ್ಲ ಎಂಬ ಪತ್ರಕ್ಕೆ ದಿನಗಳು ಹಿಡಿಯುತ್ತವೆ, ಆದ್ದರಿಂದ ಜಾಹೀರಾತಿಗಿಂತ ಮೊದಲು ಈ ಕೆಲಸ ಶುರುಮಾಡಿ.

ಮಾರಾಟದ ಪತ್ರ ಎರಡು ಪ್ರತಿ ಬರೆಯಿರಿ: ಇಬ್ಬರ ಹೆಸರು ವಿಳಾಸ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ಮೀಟರಿನ ಓದು, ಮೊತ್ತ, ‘ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಕೊಂಡದ್ದು’ ಎಂಬ ಸಾಲು. ದಿನಾಂಕದ ಪಕ್ಕ ಗಂಟೆಯನ್ನೂ ಹಾಕಿ. ಮಧ್ಯಾಹ್ನ ಕೊಟ್ಟ ಗಾಡಿ ಸಂಜೆ ಎಲ್ಲೋ ಡಿಕ್ಕಿಯಾದರೆ ಆ ಗಂಟೆಯೇ ನಿಮ್ಮನ್ನು ಕಾಯುವುದು. ಈಚಿನ ದಶಕಗಳ ಗಾಡಿಗಳಲ್ಲಿ ಚಾಸಿಸ್ ಸಂಖ್ಯೆ ಸಾಮಾನ್ಯವಾಗಿ 17 ಅಕ್ಷರ-ಅಂಕಿಗಳದ್ದು, ಹೆಚ್ಚಾಗಿ ಹ್ಯಾಂಡಲ್ ಕೂರುವ ಕೊಳವೆಯ ಮೇಲೆ ಕೊರೆದಿರುತ್ತದೆ. ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲೆಂದು. ದಾಖಲೆಯಿಂದ ನಕಲು ಮಾಡದೆ ಗಾಡಿಯ ಮೇಲಿನದನ್ನೇ ಒರೆಸಿ ಓದಿ ಬರೆಯಿರಿ. ಎರಡೂ ಹೊಂದದಿದ್ದರೆ ಅಲ್ಲೇ ಗೊತ್ತಾಗಲಿ.

ವಿಮಾ ಕಂಪನಿಯನ್ನು ಇನ್ನೊಂದು ವಿಷಯ ಕೇಳಿ. ಪರಿಹಾರ ಕೇಳದ ವರ್ಷಗಳಿಗೆ ಸಿಕ್ಕ ರಿಯಾಯಿತಿ ಅನೇಕ ಕಡೆ ಗಾಡಿಯ ಜೊತೆ ಹೋಗುವುದಿಲ್ಲ, ಮಾಲೀಕರ ಜೊತೆ ಉಳಿಯುತ್ತದೆ. ಹಾಗಿದ್ದರೆ ಪತ್ರ ತೆಗೆದಿಟ್ಟುಕೊಳ್ಳಿ, ಮುಂದಿನ ವಾಹನಕ್ಕೆ ಬರುತ್ತದೆ.

ಕೀ ಕೊಡುವ ದಿನ

ಹಿಂದಿನ ದಿನ ಬೇಕಾದರೆ ಒಂದು ಸುತ್ತು ಹೋಗಿ ಬನ್ನಿ, ಫೋಟೋ ತೆಗೆಸಿಕೊಳ್ಳಿ. ನೆನಪಿಗೆ ಏನಾದರೂ ಇಟ್ಟುಕೊಳ್ಳುವುದಿದ್ದರೆ ಗಾಡಿಗೆ ಬೇಕಾಗದ್ದನ್ನು ಇಟ್ಟುಕೊಳ್ಳಿ, ಕೀ ಚೈನ್, ಹಳೆಯ ಸ್ಪಾರ್ಕ್ ಪ್ಲಗ್ ಇಂಥದ್ದು. ಎರಡನೇ ಕೀ, ಮೂಲ ಟೂಲ್ ಕಿಟ್ ಕೊಟ್ಟುಬಿಡಬೇಕು.

ಸೀಟಿನ ಕೆಳಗೆ ಕೈಹಾಕಿ ನೋಡಿ. ಮರೆತ ಚೀಟಿ, ದಾಖಲೆಗಳ ನಕಲು, ಚಿಲ್ಲರೆ ಅಲ್ಲೇ ಇರುತ್ತವೆ. ಆಫೀಸಿನ ಪಾರ್ಕಿಂಗ್ ಸ್ಟಿಕರ್ ಕೀಳಿ. ಫೋನಿಗೆ ಜೋಡಿಸಿದ ಆ್ಯಪ್, ಟ್ರ್ಯಾಕರ್ ಇದ್ದರೆ ನಿಮ್ಮ ಖಾತೆಯಿಂದ ಗಾಡಿಯನ್ನು ತೆಗೆದುಹಾಕಿ.

ಹೆಲ್ಮೆಟ್ಟನ್ನು ‘ಇದೂ ಇರಲಿ’ ಎಂದು ಕೊಡಬೇಡಿ. ಒಳಗಿನ ಫೋಮ್ ಒಮ್ಮೆ ಪೆಟ್ಟು ತಿಂದು ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ. ನಿಮ್ಮ ತಲೆಗೆ ಹೊಂದಿದ್ದು ಇನ್ನೊಬ್ಬರ ತಲೆಗೆ ಹೊಂದುತ್ತದೆ ಎಂದೂ ಇಲ್ಲ. ಚೆನ್ನಾಗಿದ್ದರೆ ನೀವೇ ಇಟ್ಟುಕೊಳ್ಳಿ, ಬಾಡಿಗೆ ಬೈಕ್ ಹತ್ತುವ ದಿನಕ್ಕೆ ಆಗುತ್ತದೆ. ಬಿದ್ದದ್ದಾದರೆ ಪಟ್ಟಿ ಕತ್ತರಿಸಿ ಎಸೆಯಿರಿ. ಓಡಿಸುವ ಪರವಾನಗಿಯ ಅವಧಿ ಮುಗಿಯದಂತೆ ನೋಡಿಕೊಳ್ಳಿ, ಗಾಡಿ ಇಲ್ಲದವರು ಮರೆಯುವುದು ಅದನ್ನೇ.

ಗಾಡಿಯ ಗುಟ್ಟುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಯಾವ ಕಂಪನಿಯ ಕೈಪಿಡಿಯಲ್ಲೂ ಇವು ಇರುವುದಿಲ್ಲ: ಚಳಿಯಲ್ಲಿ ಚೋಕ್ ಅರ್ಧ ಸಾಕು, ಪೂರ್ತಿ ಎಳೆದರೆ ಪ್ಲಗ್ ಒದ್ದೆಯಾಗುತ್ತದೆ. ಎಂಜಿನ್ ಕಾದಾಗ ನಿಂತಮೇಲೆ ನ್ಯೂಟ್ರಲ್ ಬೀಳುವುದಿಲ್ಲ, ನಿಲ್ಲುವ ಮುಂಚೆ ಉರುಳುತ್ತಿರುವಾಗಲೇ ಹಾಕಿಕೊಳ್ಳಬೇಕು. ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತದೆ, ಕಿಲೋಮೀಟರ್ ನೋಡಿ ತುಂಬಿಸಿ. ಕೊನೆಯ ಬಾರಿ ಎಣ್ಣೆ, ಬ್ರೇಕ್ ದ್ರವ ಬದಲಿಸಿದ್ದು ಯಾವಾಗ, ಯಾವ ಮೆಕ್ಯಾನಿಕ್ ಈ ಗಾಡಿಯನ್ನು ಬಲ್ಲರು. ಹಾಳೆ ಕೈಗಿಡುವಾಗ ಚೋಕ್ ಒಂದು ಸಲ ಎಳೆದು ತೋರಿಸಿ. ಓದಿದ್ದಕ್ಕಿಂತ ಕೈಗೆ ತಾಕಿದ್ದು ನೆನಪಿರುತ್ತದೆ.

ಆಮೇಲೆ

ಬಂದ ಹಣವನ್ನು ಸಂಬಳದ ಖಾತೆಯಲ್ಲಿ ಬಿಡಬೇಡಿ, ದಿನಸಿ ಬಟ್ಟೆಬರೆಯಲ್ಲಿ ಕರಗಿಹೋಗುತ್ತದೆ. ಯಾವ ಕಾರಣಕ್ಕೆ ಮಾರಿದಿರೋ ಅದಕ್ಕೆ ಅದೇ ವಾರ ಕಟ್ಟಿ. ಕಾರಣ ಹಣವಲ್ಲದಿದ್ದರೆ ಬಡ್ಡಿ ಹೆಚ್ಚಿರುವ ಸಾಲಕ್ಕೆ ಹಾಕಿ. ಸಾಲವೇ ಇಲ್ಲದಿದ್ದರೆ ಬೇರೆ ಖಾತೆಯಲ್ಲಿಡಿ, ಮುಂದಿನ ಗಾಡಿಗೋ ಕಷ್ಟಕಾಲಕ್ಕೋ ಆಗುತ್ತದೆ.

ಒಂದು ತಿಂಗಳ ನಂತರ ನೋಂದಣಿ ದಾಖಲೆಯಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಿ. ಆಗಿಲ್ಲದಿದ್ದರೆ ಕೊಂಡವರಿಗೆ ಫೋನ್ ಮಾಡಿ, ಅದೂ ಆಗದಿದ್ದರೆ ಸ್ವೀಕೃತಿ ಹಿಡಿದು ಕಚೇರಿಗೆ ಹೋಗಿ. ಹೆಸರು ಬದಲಾದ ಮೇಲೆಯೇ ವಿಮೆ ರದ್ದು ಮಾಡಿಸಿ, ಉಳಿದ ಅವಧಿಯ ಹಣ ಬರುತ್ತದೆಯೇ ಕೇಳಿ. ಮಾರಾಟ ಪತ್ರವನ್ನು ಕೆಲವು ವರ್ಷ ಎಸೆಯಬೇಡಿ.

ಮೊದಲ ವಾರ ಕೊಂಡವರು ಫೋನ್ ಮಾಡುತ್ತಾರೆ. ‘ಗೇರ್ ಹಾಕಿದಾಗ ಟಕ್ ಅನ್ನುತ್ತಲ್ಲ, ಮೊದಲಿಂದಲೂ ಹೀಗೇನಾ?’ ಅಂತ. ಗೊತ್ತಿದ್ದದ್ದನ್ನು ಹೇಳಿ. ಎರಡನೇ ತಿಂಗಳೂ ಬಂದರೆ ಮೆಕ್ಯಾನಿಕ್ ನಂಬರ್ ಕೊಟ್ಟುಬಿಡಿ.